ತಮ್ಮನಿಗೆ ಡೌನ್ ಸಿಂಡ್ರೋಮ್, ವಯಸ್ಸು 44: ಇದು ಡಿಮೆನ್ಷಿಯಾದ ಆರಂಭವೇ?

ಹಾಸನದ ಅಕ್ಕ:

ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ಹೆಚ್ಚಿನವರು ಚಿಕ್ಕ ಮಕ್ಕಳ ತಂದೆತಾಯಿಯರು. ಹೃದಯದ ಶಸ್ತ್ರಚಿಕಿತ್ಸೆ, ಮಾತಿನ ತರಬೇತಿ, ಶಾಲೆಯ ಪ್ರವೇಶ ಇವೇ ಇಲ್ಲಿಯ ಮಾತು. ನನ್ನ ಪ್ರಶ್ನೆ ಇನ್ನೊಂದು ತುದಿಯದು. ತಮ್ಮನಿಗೆ ಈಗ 44. ಅಪ್ಪ ಇಲ್ಲ, ಅಮ್ಮನಿಗೆ ಎಪ್ಪತ್ತೈದು ದಾಟಿದೆ. ಇಷ್ಟು ವರ್ಷ ಅವನು ತನ್ನ ಬಟ್ಟೆ ತಾನೇ ಹಾಕಿಕೊಳ್ಳುತ್ತಿದ್ದ, ಬೆಳಿಗ್ಗೆ ಬೀದಿಯ ಕೊನೆಯ ಅಂಗಡಿಯಿಂದ ಹಾಲು ತರುತ್ತಿದ್ದ, ಪೂಜೆಗೆ ಹೂವು ಕೊಯ್ದು ಕೊಡುತ್ತಿದ್ದ. ಕಳೆದ ಮಳೆಗಾಲದಿಂದ ಏನೋ ಬದಲಾಗಿದೆ. ಹಾಲಿಗೆಂದು ಹೊರಟು ಗೇಟಿನ ಬಳಿ ನಿಂತುಬಿಡುತ್ತಾನೆ. ಅಂಗಿಯ ಗುಂಡಿ ತಪ್ಪಿಸುತ್ತಾನೆ. ಮೆಟ್ಟಿಲು ಇಳಿಯಲು ಹೆದರುತ್ತಾನೆ. ರಾತ್ರಿ ಎದ್ದು ಓಡಾಡುತ್ತಾನೆ. ಎಂದೂ ರೇಗದವನು ಅಮ್ಮನ ಮೇಲೆ ರೇಗುತ್ತಾನೆ.

ತೋರಿಸಿದ ವೈದ್ಯರು "ಇಂಥವರಿಗೆ ಬೇಗ ವಯಸ್ಸಾಗುತ್ತದೆ, ಇದೆಲ್ಲ ಸಹಜ" ಎಂದು ನಿದ್ದೆಗೆ ಮಾತ್ರೆ ಬರೆದುಕೊಟ್ಟರು. ಇಂಟರ್ನೆಟ್ಟಿನಲ್ಲಿ ಹುಡುಕಿದರೆ, ಡೌನ್ ಸಿಂಡ್ರೋಮ್ ಇರುವವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಬಾಳಿನಲ್ಲಿ ಒಮ್ಮೆ ಡಿಮೆನ್ಷಿಯಾ ತರುವ ಆಲ್ಝೈಮರ್ಸ್ ಎಂಬ ಮರೆವಿನ ಕಾಯಿಲೆ ಬರುತ್ತದೆ ಎಂದಿದೆ. ಇದು ನಿಜವೇ? ನಿಜವಾದರೆ ನಲವತ್ತು ವರ್ಷ ಆಸ್ಪತ್ರೆ ಅಲೆದ ನಮಗೆ ಯಾರೂ ಈ ಮಾತು ಏಕೆ ಹೇಳಲಿಲ್ಲ?

ಮಂಗಳೂರಿನ ಅಮ್ಮ:

ಅಕ್ಕ, ನಿಮ್ಮ ಬರಹ ಓದಿ ಅಡುಗೆ ಬಿಟ್ಟು ಕುಳಿತೆ. ನನ್ನ ಮಗಳಿಗೆ 23. ತೊಂಬತ್ತು ಎನ್ನುವ ಸಂಖ್ಯೆ ಯಾರೋ ಹೆದರಿಸಲು ಬರೆದದ್ದಾಗಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ತಿಳಿದವರು ದಯವಿಟ್ಟು ಹೇಳಿ.

ಧಾರವಾಡದ ನಿವೃತ್ತ ಮೇಷ್ಟ್ರು:

ಹೆದರಿಸಲು ಬರೆದದ್ದಲ್ಲ ತಾಯಿ, ಸಂಖ್ಯೆ ಸರಿಯೇ. ಆದರೆ ಅದನ್ನು ಬಿಡಿಸಿ ಓದಬೇಕು. ನಾನು ವೈದ್ಯನಲ್ಲ. ಜೀವರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು, ಮೊಮ್ಮಗನಿಗೆ ಡೌನ್ ಸಿಂಡ್ರೋಮ್ ಇದೆ. ಆದ್ದರಿಂದ ಈ ವಿಷಯವನ್ನು ಕುತೂಹಲಕ್ಕೂ ಸಂಕಟಕ್ಕೂ ಎರಡಕ್ಕೂ ಓದಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಮ್ಮ ಮಕ್ಕಳಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರು ಇರುತ್ತದೆ. ಪ್ಯಾರಿಸ್ಸಿನಲ್ಲಿ ಲೆಜೂನ್ ಮತ್ತು ಸಂಗಡಿಗರು ಇದನ್ನು 1959ರಲ್ಲಿ ತೋರಿಸಿಕೊಟ್ಟರು. ಆ ವರ್ಣತಂತುವಿನ ಮೇಲೆ ಎಪಿಪಿ ಎಂಬ ವಂಶವಾಹಿ ಇದೆ. ನರಕೋಶದ ಪೊರೆಯಲ್ಲಿ ಕೂರುವ ಒಂದು ಪ್ರೋಟೀನನ್ನು ಮಾಡುವುದು ಅದರ ಕೆಲಸ. ಈ ಪ್ರೋಟೀನನ್ನು ಎರಡು ಕಿಣ್ವಗಳು ಒಂದರ ನಂತರ ಒಂದು ಕತ್ತರಿಸಿದಾಗ ಬೀಟಾ ಅಮಿಲಾಯ್ಡ್ ಎಂಬ ಚಿಕ್ಕ ತುಂಡು ಹೊರಬೀಳುತ್ತದೆ. ಎಲ್ಲರ ಮಿದುಳಿನಲ್ಲೂ ಇದು ಉಂಟಾಗುತ್ತದೆ, ತೊಳೆದೂ ಹೋಗುತ್ತದೆ. ವಂಶವಾಹಿ ಮೂರಿದ್ದರೆ ಪ್ರೋಟೀನು ಹೆಚ್ಚು, ತುಂಡೂ ಹೆಚ್ಚು, ಅದೂ ಹುಟ್ಟಿದಂದಿನಿಂದ. ಅಂಟುವ ಸ್ವಭಾವದ ಈ ತುಂಡುಗಳು ಕೋಶಗಳ ನಡುವೆ ಹೆಪ್ಪುಗಟ್ಟುತ್ತವೆ, ಅದನ್ನೇ ಪ್ಲಾಕ್ ಎನ್ನುವುದು. ಆಮೇಲೆ ಕೋಶದೊಳಗೆ ಟಾವ್ ಎಂಬ ಇನ್ನೊಂದು ಪ್ರೋಟೀನು ಸಿಕ್ಕುಗಂಟಾಗುತ್ತದೆ. ಟಾವ್ ಕೆಡಲು ಕಾರಣವಾಗುವ ಡಿವೈಆರ್‌ಕೆ1ಎ ಎಂಬ ಕಿಣ್ವದ ವಂಶವಾಹಿಯೂ ಅದೇ 21ರ ಮೇಲೆಯೇ ಇದೆ. ನಲವತ್ತರ ಹೊತ್ತಿಗೆ ಡೌನ್ ಸಿಂಡ್ರೋಮ್ ಇರುವ ಹೆಚ್ಚುಕಡಿಮೆ ಎಲ್ಲರ ಮಿದುಳಿನಲ್ಲೂ ಪ್ಲಾಕು, ಗಂಟು ಎರಡೂ ಕಾಣುತ್ತವೆ.

ಆಲ್ಝೈಮರ್ಸ್ ಸಂಶೋಧನೆ ಇಷ್ಟು ದೂರ ಬಂದದ್ದರಲ್ಲಿ ನಮ್ಮ ಮಕ್ಕಳಂಥವರ ಪಾಲು ದೊಡ್ಡದು. ಜಾರ್ಜ್ ಗ್ಲೆನರ್ ಮತ್ತು ಕೇನ್ ವಾಂಗ್ 1984ರಲ್ಲಿ ಆಲ್ಝೈಮರ್ಸ್ ರೋಗಿಗಳ ಮಿದುಳಿನ ರಕ್ತನಾಳದಿಂದ ಈ ಅಮಿಲಾಯ್ಡನ್ನು ಬೇರ್ಪಡಿಸಿದರು. ಡೌನ್ ಸಿಂಡ್ರೋಮ್ ಇದ್ದವರ ಮಿದುಳಿನಲ್ಲೂ ಅದೇ ಸಿಕ್ಕಿದಾಗ, ಇದರ ವಂಶವಾಹಿ 21ರ ಮೇಲೆ ಇರಬೇಕು ಎಂದು ಊಹಿಸಿದರು. 1987ರಲ್ಲಿ ಅದು ಅಲ್ಲಿಯೇ ಸಿಕ್ಕಿತು. ಎಲ್ಲರ ಕಾಯಿಲೆಯ ಗುಟ್ಟು ಹೇಳಿಕೊಟ್ಟವರಿಗೇ ಔಷಧದ ಪ್ರಯೋಗಗಳಲ್ಲಿ ಬಹಳ ಕಾಲ ಜಾಗ ಸಿಗಲಿಲ್ಲ ಎಂಬ ಸಿಟ್ಟು ನನಗಿದೆ.

ಇನ್ನೊಂದು ಪ್ರಕರಣ ಹೇಳಲೇಬೇಕು. 1998ರಲ್ಲಿ ಬ್ರಿಟನ್ನಿನಿಂದ ಒಬ್ಬ ಮಹಿಳೆಯ ವರದಿ ಬಂತು. ಆಕೆಗೆ ಡೌನ್ ಸಿಂಡ್ರೋಮ್ ಇತ್ತು, ಆದರೆ 21ರ ಒಂದು ಭಾಗ ಮಾತ್ರ ಮೂರಾಗಿತ್ತು, ಎಪಿಪಿ ಎರಡೇ ಇತ್ತು. 78 ವರ್ಷ ಬದುಕಿದ ಆಕೆಗೆ ಡಿಮೆನ್ಷಿಯಾ ಬರಲಿಲ್ಲ, ಮರಣಾನಂತರ ಮಿದುಳನ್ನು ನೋಡಿದಾಗ ಆಲ್ಝೈಮರ್ಸ್ ಗುರುತೂ ಇರಲಿಲ್ಲ. ತದ್ವಿರುದ್ಧವಾಗಿ, ಡೌನ್ ಸಿಂಡ್ರೋಮ್ ಇಲ್ಲದ ಕೆಲವು ಕುಟುಂಬಗಳಲ್ಲಿ ಎಪಿಪಿ ಒಂದೇ ಹೆಚ್ಚುವರಿಯಾಗಿದ್ದು, ಅವರಿಗೆ ಚಿಕ್ಕ ವಯಸ್ಸಿಗೇ ಆಲ್ಝೈಮರ್ಸ್ ಬಂದಿದೆ. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಮುಖ್ಯ ಕಾರಣ ಯಾವುದೆಂಬ ಬಗ್ಗೆ ನನಗೆ ಅನುಮಾನ ಉಳಿಯುವುದಿಲ್ಲ.

ಈಗ ಸಮಾಧಾನದ ಮಾತು. ಮಿದುಳಿನಲ್ಲಿ ಪ್ಲಾಕ್ ಇರುವುದು ಬೇರೆ, ಡಿಮೆನ್ಷಿಯಾ ಬೇರೆ. ಎರಡರ ನಡುವೆ ಹತ್ತು ಹದಿನೈದು ವರ್ಷ ಹೋಗಬಹುದು. ರೋಗಲಕ್ಷಣ ಶುರುವಾಗುವ ಸರಾಸರಿ ವಯಸ್ಸು 53ರಿಂದ 55. ಸರಾಸರಿ ಎಂದರೆ ಅದಕ್ಕಿಂತ ಬೇಗ ಬರುವವರೂ ಇದ್ದಾರೆ, ಅರವತ್ತು ದಾಟಿ ಚುರುಕಾಗಿರುವವರೂ ಇದ್ದಾರೆ. ಯಾರೂ ನಿಮಗೆ ಹೇಳದಿರಲು ಒಂದು ಕಾರಣವಿದೆ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲೇ ಇವರ ಸರಾಸರಿ ಆಯುಸ್ಸು 25ರ ಆಸುಪಾಸು ಇತ್ತು. ಈಗ 60. ನಮ್ಮ ವೈದ್ಯರಲ್ಲಿ ಹಲವರು ಓದುವಾಗ ನಲವತ್ತು ದಾಟಿದ ಡೌನ್ ಸಿಂಡ್ರೋಮ್ ರೋಗಿಯನ್ನು ನೋಡಿಯೇ ಇರಲಿಕ್ಕಿಲ್ಲ.

ಬೆಳಗಾವಿಯ ಕಾಕಾ:

ಮೇಷ್ಟ್ರೇ, ಚೆನ್ನಾಗಿ ಬರೆದಿದ್ದೀರಿ, ಆದರೆ ಇದರಿಂದ ಉಪಯೋಗವೇನು? ಗುಣವಾಗದ ಕಾಯಿಲೆಗೆ ಪರೀಕ್ಷೆ ಮಾಡಿಸಿ, ಹೆಸರಿಟ್ಟು, ಮನೆಯವರ ನಿದ್ದೆಯನ್ನೂ ಕೆಡಿಸುವುದೇಕೆ? ನನ್ನ ಅಣ್ಣನ ಮಗನಿಗೆ 38. ಊಟ ಮಾಡುತ್ತಾನೆ, ನಗುತ್ತಾನೆ, ಭಜನೆಗೆ ತಾಳ ಹಾಕುತ್ತಾನೆ. ಬಂದಾಗ ನೋಡಿಕೊಂಡರಾಯಿತು. ಅಲ್ಲಿಯವರೆಗೆ ಬ್ರಾಹ್ಮಿ ತುಪ್ಪ, ಒಂದು ವಿಟಮಿನ್ ಮಾತ್ರೆ ಸಾಕು.

ತುಮಕೂರಿನ ವೈದ್ಯೆ:

ಕಾಕಾ ಅವರೇ, ನಿಮ್ಮ ಮಾತನ್ನು ಇಲ್ಲಿಯೇ ಅಡ್ಡಗಟ್ಟುತ್ತೇನೆ, ಬೇಸರ ಬೇಡ. ಪರೀಕ್ಷೆ ಮಾಡಿಸುವುದು ಡಿಮೆನ್ಷಿಯಾ ಎಂದು ಹೆಸರಿಡಲು ಅಲ್ಲ. ಅದು ಡಿಮೆನ್ಷಿಯಾ ಅಲ್ಲದಿದ್ದರೆ ಏನೆಂದು ಹಿಡಿಯಲು. ನಾನು ಸಾಮಾನ್ಯ ವೈದ್ಯೆ, ಈ ವಿಷಯದ ತಜ್ಞೆಯಲ್ಲ, ಆದರೆ ಇದಿಷ್ಟು ಎಲ್ಲ ವೈದ್ಯರೂ ಮಾಡಬಹುದಾದದ್ದು.

ಅಕ್ಕ ಹೇಳಿದ ಒಂದೊಂದು ಲಕ್ಷಣಕ್ಕೂ ಬೇರೆ ಕಾರಣಗಳಿವೆ. ಮಂಕು, ನಿಧಾನ, ಕೆಲಸ ಬಿಟ್ಟು ನಿಲ್ಲುವುದು: ಥೈರಾಯ್ಡ್ ಕಡಿಮೆಯಾಗಿರಬಹುದು, ಡೌನ್ ಸಿಂಡ್ರೋಮ್‌ನಲ್ಲಿ ಇದು ಬಹಳ ಸಾಮಾನ್ಯ. ಬಿ12 ಕೊರತೆ ಇರಬಹುದು. ಹತ್ತಿರದವರೊಬ್ಬರು ಹೋದ ನಂತರದ ದುಃಖ ಖಿನ್ನತೆಯಾಗಿ ಇಳಿದಿರಬಹುದು. ಅವರು ಬಾಯಿಬಿಟ್ಟು ಹೇಳುವುದಿಲ್ಲ, ಆದ್ದರಿಂದ ನಮಗೆ ಮರೆವಿನಂತೆ ಕಾಣುತ್ತದೆ. ಕರೆದರೆ ಓಗೊಡದಿರುವುದು: ಇವರ ಕಿವಿಯ ಕಾಲುವೆ ಕಿರಿದು, ಗುಗ್ಗೆ ಗಟ್ಟಿಯಾಗಿ ಮುಚ್ಚಿರುತ್ತದೆ. ಮೆಟ್ಟಿಲಿನ ಹೆದರಿಕೆ: ಕಣ್ಣಿನ ಪೊರೆ ಇವರಿಗೆ ಬೇಗ ಬರುತ್ತದೆ. ನಡಿಗೆಯೇ ಬದಲಾಗಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ ಕುತ್ತಿಗೆಯ ಮೊದಲ ಎರಡು ಮೂಳೆಗಳು ಸಡಿಲವಾಗಿ ಬೆನ್ನುಹುರಿ ಒತ್ತುತ್ತಿದೆಯೇ ಎಂದು ನೋಡಬೇಕು, ಅದನ್ನು ತಡಮಾಡುವಂತಿಲ್ಲ. ರಾತ್ರಿ ಏಳುವುದು, ಹಗಲು ರೇಗುವುದು: ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುತ್ತಿದೆಯೇ ಗಮನಿಸಿ. ನಿದ್ದೆಯಲ್ಲಿ ಉಸಿರುಗಟ್ಟುವ ತೊಂದರೆ ದೊಡ್ಡವರಾದ ಮೇಲೆ ಇವರಲ್ಲಿ ತೀರಾ ಹೆಚ್ಚು.

ಅಕ್ಕ, ಆ ನಿದ್ದೆ ಮಾತ್ರೆಯ ಹೆಸರೇನು? ಅಲರ್ಜಿ, ಶೀತ, ಹೊಟ್ಟೆನೋವು ಎಂದು ಬೇರೆ ಏನಾದರೂ ನಡೆಯುತ್ತಿದೆಯೇ? ಎಲ್ಲ ಪಟ್ಟಿ ಹಾಕಿ.

ಹಾಸನದ ಅಕ್ಕ:

ಮೇಡಂ, ನಿದ್ದೆಗೆ ಕೊಟ್ಟದ್ದು ಅಮಿಟ್ರಿಪ್ಟಿಲಿನ್. ಮೂಗು ಸೋರುವುದಕ್ಕೆಂದು ಕ್ಲೋರ್‌ಫೆನಿರಮಿನ್ ಇರುವ ಮಾತ್ರೆಯನ್ನು ವರ್ಷಗಳಿಂದ ಆಗಾಗ ಅಮ್ಮನೇ ಕೊಡುತ್ತಾರೆ. ಗೊರಕೆ ಎಂದರೆ ಪಕ್ಕದ ಕೋಣೆಗೂ ಕೇಳಿಸುತ್ತದೆ. ಅದನ್ನು ನಾವು ಆರೋಗ್ಯದ ಲಕ್ಷಣ ಎಂದುಕೊಂಡಿದ್ದೆವು.

ತುಮಕೂರಿನ ವೈದ್ಯೆ:

ಇವೆರಡೂ ಮಾತ್ರೆಗಳ ಬಗ್ಗೆ ನಿಮ್ಮ ವೈದ್ಯರ ಬಳಿ ಮರುಮಾತಾಡಿ. ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ. ಏಕೆ ಎನ್ನುವುದನ್ನು ಮೇಷ್ಟ್ರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಧಾರವಾಡದ ನಿವೃತ್ತ ಮೇಷ್ಟ್ರು:

ಹೇಳುತ್ತೇನೆ. ನೆನಪು ಮತ್ತು ಗಮನಕ್ಕೆ ಬೇಕಾದ ಒಂದು ಮುಖ್ಯ ರಾಸಾಯನಿಕ ಅಸಿಟೈಲ್ ಕೋಲಿನ್. ಅದನ್ನು ಮಿದುಳಿನ ಹೊರಪದರಕ್ಕೆ, ನೆನಪನ್ನು ನೋಡಿಕೊಳ್ಳುವ ಭಾಗವಾದ ಹಿಪೊಕ್ಯಾಂಪಸ್‌ಗೆ ಒದಗಿಸುವ ನರಕೋಶಗಳು ಮುಮ್ಮಿದುಳಿನ ತಳದಲ್ಲಿ ಒಂದು ಗುಂಪಾಗಿವೆ. ಆಲ್ಝೈಮರ್ಸ್‌ನಲ್ಲಿ ಬೇಗ ಸೊರಗುವ ಗುಂಪುಗಳಲ್ಲಿ ಇದೂ ಒಂದು, ಡೌನ್ ಸಿಂಡ್ರೋಮ್‌ನಲ್ಲೂ ಹಾಗೆಯೇ. ಹಳೆಯ ಕಾಲದ ಅಲರ್ಜಿ ಮಾತ್ರೆಗಳು, ಅಮಿಟ್ರಿಪ್ಟಿಲಿನ್, ಮಾನಸಿಕ ಚಿಕಿತ್ಸೆಯ ಔಷಧಗಳ ಜೊತೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಇವೆಲ್ಲ ಅಸಿಟೈಲ್ ಕೋಲಿನ್ ಕೆಲಸಕ್ಕೆ ತಡೆ ಒಡ್ಡುತ್ತವೆ. ಮೊದಲೇ ಬತ್ತುತ್ತಿರುವ ಬಾವಿಗೆ ಕಲ್ಲು ಹಾಕಿದ ಹಾಗೆ.

ಇನ್ನೊಂದು ರಾಸಾಯನಿಕದ ಕಥೆ ಇದೆ, ಅದು ನನಗೆ ಬಹಳ ಇಷ್ಟ. ಮಯೋ ಇನೊಸಿಟಾಲ್ ಎಂಬುದು ಸಕ್ಕರೆಯ ನಂಟಿನ ಸಣ್ಣ ಅಣು. ಇದನ್ನು ಕೋಶದೊಳಗೆ ಎಳೆದುಕೊಳ್ಳುವ ಪ್ರೋಟೀನಿನ ವಂಶವಾಹಿಯೂ 21ರ ಮೇಲಿದೆ, ಅಂದರೆ ಇದಕ್ಕೂ ಮೂರು ಪಾಲು. ಎಂಆರ್‌ಐ ಯಂತ್ರದಲ್ಲೇ ಚಿತ್ರದ ಬದಲು ರಾಸಾಯನಿಕಗಳ ಪ್ರಮಾಣ ಅಳೆಯುವ ವಿಧಾನವಿದೆ, ಸೂಜಿ ಚುಚ್ಚಬೇಕಿಲ್ಲ. ಲಂಡನ್ನಿನ ಸಂಶೋಧಕರು 2005ರಲ್ಲಿ ಡಿಮೆನ್ಷಿಯಾ ಇನ್ನೂ ಇಲ್ಲದ ಡೌನ್ ಸಿಂಡ್ರೋಮ್ ವಯಸ್ಕರ ಹಿಪೊಕ್ಯಾಂಪಸ್ಸನ್ನು ಹೀಗೆ ಅಳೆದರು. ಮಯೋ ಇನೊಸಿಟಾಲ್ ಇತರರಿಗಿಂತ ಹೆಚ್ಚಿತ್ತು. ಅಷ್ಟೇ ಅಲ್ಲ, ಅದು ಹೆಚ್ಚಿದ್ದವರ ಬೌದ್ಧಿಕ ಸಾಮರ್ಥ್ಯ ಕಡಿಮೆ ಇರುವುದು ಕಂಡಿತು. ಸಾಮಾನ್ಯ ಜನರಲ್ಲಿ ಆಲ್ಝೈಮರ್ಸ್ ಬಂದಾಗಲೂ ಈ ಅಣು ಏರುತ್ತದೆ, ನರಕೋಶಗಳ ಆರೋಗ್ಯ ಸೂಚಿಸುವ ಎನ್‌ಎಎ ಎಂಬ ಇನ್ನೊಂದು ಇಳಿಯುತ್ತದೆ. ಹಾಗೆಂದು ಯಾರೂ ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋಗಿ ಇನೊಸಿಟಾಲ್ ಅಳೆಯಿರಿ ಎನ್ನಬೇಡಿ. ಇದು ಗುಂಪುಗಳ ನಡುವಿನ ವ್ಯತ್ಯಾಸ. ನಿಮ್ಮ ಮಗುವಿನ ಭವಿಷ್ಯವನ್ನು ಆ ಒಂದು ಅಂಕಿ ಹೇಳುವುದಿಲ್ಲ.

ಬೆಳಗಾವಿಯ ಕಾಕಾ:

ಅಲರ್ಜಿ ಮಾತ್ರೆಯ ವಿಷಯ ಗೊತ್ತಿರಲಿಲ್ಲ. ಅದನ್ನು ಒಪ್ಪಿದೆ. ಬ್ರಾಹ್ಮಿ ತುಪ್ಪಕ್ಕೆ ಯಾರೂ ಉತ್ತರ ಕೊಡಲಿಲ್ಲ!

ಧಾರವಾಡದ ನಿವೃತ್ತ ಮೇಷ್ಟ್ರು:

ತುಪ್ಪ ರುಚಿಗೆ ತಿನ್ನಿಸಿ, ಕಾಕಾ. ವಿಟಮಿನ್ ವಿಷಯದಲ್ಲಿ ಮಾತ್ರ ಉತ್ತರ ಖಚಿತವಾಗಿದೆ. 21ರ ಮೇಲೆಯೇ ಇರುವ ಸಾಡ್1 ಎಂಬ ಕಿಣ್ವದಿಂದಾಗಿ ಇವರ ಕೋಶಗಳಲ್ಲಿ ಉತ್ಕರ್ಷಣದ ಒತ್ತಡ (ಆಮ್ಲಜನಕದ ಉಪಉತ್ಪನ್ನಗಳಿಂದ ಕೋಶಕ್ಕಾಗುವ ಹಾನಿ) ಹೆಚ್ಚು ಎಂಬುದು ನಿಜ. ಹಾಗಾದರೆ ಅದನ್ನು ತಡೆಯುವ ವಿಟಮಿನ್ ಕೊಟ್ಟರೆ ಸರಿಹೋಗಬೇಕಲ್ಲವೇ ಎಂದು ಅಮೆರಿಕದಲ್ಲಿ ಡಿಮೆನ್ಷಿಯಾ ಬಂದಿದ್ದ ಡೌನ್ ಸಿಂಡ್ರೋಮ್ ವಯಸ್ಕರಿಗೆ ವಿಟಮಿನ್ ಇ, ಸಿ ಮತ್ತು ಲಿಪೋಯಿಕ್ ಆಮ್ಲವನ್ನು ಎರಡು ವರ್ಷ ಕೊಟ್ಟು ನೋಡಿದರು. 2011ರಲ್ಲಿ ಫಲಿತಾಂಶ ಬಂತು. ಪ್ರಯೋಜನವಾಗಲಿಲ್ಲ. ಕಾಗದದ ಮೇಲಿನ ತರ್ಕ ಎಷ್ಟು ಚೆಂದವಿದ್ದರೂ ಮಿದುಳು ಒಪ್ಪಬೇಕಲ್ಲ.

ಲೀಡ್ಸ್‌ನಿಂದ ಕೊಡಗಿನವನು:

ಇಲ್ಲಿ ಇಂಗ್ಲೆಂಡಿನಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರ ಆರೈಕೆ ಮನೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಹದಿನಾಲ್ಕು ವರ್ಷ ದಾಟಿದವರಿಗೆ ಪ್ರತಿ ವರ್ಷ ಆರೋಗ್ಯ ತಪಾಸಣೆ ಸಿಗುತ್ತದೆ. ವೈದ್ಯೆ ಹೇಳಿದ ಬಹುಪಾಲು ಅಲ್ಲಿಯೇ ಮುಗಿಯುತ್ತದೆ.

ನಾವು ಗಮನಿಸುವ ಒಂದೆರಡು ಸಂಗತಿ ಹೇಳುತ್ತೇನೆ. ಇವರಲ್ಲಿ ಮರೆವಿಗಿಂತ ಮೊದಲು ಸ್ವಭಾವ ಬದಲಾಗುವುದು ಹೆಚ್ಚು. ಹಟ, ನಿರಾಸಕ್ತಿ, ಗೆಳೆಯರಿಂದ ದೂರ ಸರಿಯುವುದು. ಎರಡನೆಯದು, ದೊಡ್ಡ ವಯಸ್ಸಿನಲ್ಲಿ ಹೊಸದಾಗಿ ಮೂರ್ಛೆ ಬಂದರೆ ಅಥವಾ ಬೆಳಿಗ್ಗೆ ಎದ್ದ ಕೂಡಲೇ ಕೈಕಾಲು ಜಗ್ಗಿದಂತೆ ಅದುರಿ ಹಿಡಿದ ಲೋಟ ಬಿದ್ದರೆ, ಅದನ್ನು ಬರೆದಿಟ್ಟು ಡಾಕ್ಟರಿಗೆ ತೋರಿಸಬೇಕು. ಆಲ್ಝೈಮರ್ಸ್ ಜೊತೆ ಇಂಥ ಮೂರ್ಛೆ ಇವರಲ್ಲಿ ಬಹಳ ಜನರಿಗೆ ಸೇರಿಕೊಳ್ಳುತ್ತದೆ. ಅದಕ್ಕೆ ಔಷಧವಿದೆ.

ಹಾಗೆಯೇ, ಹೊಳೆಯುವ ನೆಲ, ಕಪ್ಪು ಕಾಲೊರಸು, ಹೊಸ್ತಿಲಿನ ನೆರಳು ಕೂಡ ಅವರಿಗೆ ಗುಂಡಿಯಂತೆ ಕಾಣುತ್ತದೆ. ಕಾಲೊರಸಿನ ಬಣ್ಣ ಬದಲಿಸಿದ್ದಕ್ಕೇ ನಮ್ಮಲ್ಲೊಬ್ಬರು ಬಚ್ಚಲಿಗೆ ಹೋಗಲು ಹಟ ಮಾಡುವುದನ್ನು ಬಿಟ್ಟರು.

ಶಿವಮೊಗ್ಗದ ವಿಶೇಷ ಶಿಕ್ಷಕಿ:

ಇಷ್ಟು ಹೊತ್ತು ಓದುತ್ತಾ ಇದ್ದೆ, ಈಗ ನನ್ನ ಹಳೆಯ ತಕರಾರು ಹೇಳಲೇಬೇಕು. ಡಿಮೆನ್ಷಿಯಾ ಎಂದರೆ ಇದ್ದ ಸಾಮರ್ಥ್ಯ ಕಡಿಮೆಯಾಗುವುದು. ಆದರೆ ನಮ್ಮವರಲ್ಲಿ ಮೊದಲು ಎಷ್ಟಿತ್ತು ಎಂಬುದನ್ನು ಯಾರು ಬರೆದಿಟ್ಟಿದ್ದಾರೆ? ಬೇರೆಯವರಿಗೆ ಮಾಡುವ ನೆನಪಿನ ಪರೀಕ್ಷೆ, ಇವತ್ತು ಯಾವ ವಾರ, ನೂರರಿಂದ ಏಳೇಳು ಕಳೆಯಿರಿ, ಇವರಿಗೆ ಇಪ್ಪತ್ತನೆಯ ವಯಸ್ಸಿನಲ್ಲೂ ಬಾರದು. ಹಾಗಾಗಿ ವೈದ್ಯರು ಎದುರಿಗೆ ಕುಳಿತವರನ್ನು ನೋಡಿ "ಇವರು ಮೊದಲಿನಿಂದಲೂ ಹೀಗೆಯೇ ಇರಬೇಕು" ಎಂದುಕೊಳ್ಳುತ್ತಾರೆ. ಅಳತೆಗೋಲು ಒಂದೇ: ಅದೇ ವ್ಯಕ್ತಿಯ ನಿನ್ನೆ.

ಮೂವತ್ತೈದರೊಳಗೆ ಒಮ್ಮೆ ದಾಖಲೆ ಮಾಡಿ, ನಲವತ್ತರ ನಂತರ ಪ್ರತಿ ವರ್ಷ. ದುಬಾರಿ ಏನೂ ಬೇಡ, ಮೊಬೈಲ್ ಸಾಕು. ಅವರು ಅಂಗಿ ಹಾಕಿಕೊಳ್ಳುವುದು, ಚಹಾ ಮಾಡುವುದು, ಮೆಟ್ಟಿಲು ಹತ್ತಿ ಇಳಿಯುವುದು, ಹೆಸರು ಬರೆಯುವುದು, ಅಂಗಡಿಯಲ್ಲಿ ಹಣ ಕೊಟ್ಟು ಚಿಲ್ಲರೆ ಪಡೆಯುವುದು, ಮದುವೆಯ ಫೋಟೋ ನೋಡಿ ನೆಂಟರ ಹೆಸರು ಹೇಳುವುದು. ನಡುವೆ ನೀವು ಬಾಯಿ ಹಾಕಿ ಸಹಾಯ ಮಾಡಬೇಡಿ! ನನ್ನ ಬಳಿ ಬರುವ ವಿಡಿಯೋಗಳಲ್ಲಿ ಅರ್ಧ ಭಾಗ ತಾಯಂದಿರ ದನಿಯೇ ಇರುತ್ತದೆ. ಮಾಡಲಾರದ್ದನ್ನೂ ಬರೆದಿಡಿ. ಎಂದೂ ಗಡಿಯಾರ ನೋಡಲು ಬಾರದವರಿಗೆ ಗಡಿಯಾರ ಮರೆತುಹೋಯಿತು ಎಂದು ಮುಂದೆ ಯಾರಾದರೂ ಬರೆಯಬಾರದು. ಎನ್‌ಟಿಜಿ ಇಡಿಎಸ್‌ಡಿ ಎಂಬ ಪ್ರಶ್ನಾವಳಿಯನ್ನು ಅಮೆರಿಕದವರು ಮನೆಯವರು, ಆರೈಕೆ ಮಾಡುವವರು ತುಂಬಲೆಂದೇ ಮಾಡಿದ್ದಾರೆ, ಅದನ್ನೂ ಬಳಸಬಹುದು. ಅದು ರೋಗನಿರ್ಣಯವಲ್ಲ. ವೈದ್ಯರ ಮೇಜಿನ ಮೇಲೆ ಇಡಲು ಒಂದು ಕಾಗದ.

ಮಂಗಳೂರಿನ ಅಮ್ಮ:

ಟೀಚರ್, 23ಕ್ಕೇ ಶುರು ಮಾಡಬಹುದೇ? ಇನ್ನೊಂದು ಭಯ: ಪರಿಚಯದವರ ಮಗ 19ಕ್ಕೇ ಮಾತು ನಿಲ್ಲಿಸಿದ್ದಾನೆ, ಊಟ ಬಿಟ್ಟಿದ್ದಾನೆ. ಅದೂ ಇದೇ ಕಾಯಿಲೆಯೇ?

ತುಮಕೂರಿನ ವೈದ್ಯೆ:

ವಿಡಿಯೋ ಇವತ್ತೇ ಶುರು ಮಾಡಿ, ನಷ್ಟವೇನಿದೆ. ಎರಡನೆಯದಕ್ಕೆ ಗಟ್ಟಿಯಾಗಿ ಹೇಳುತ್ತೇನೆ: 19ರಲ್ಲಿ ಆಲ್ಝೈಮರ್ಸ್ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಲವತ್ತಕ್ಕೆ ಮೊದಲು ಆ ಹೆಸರಿಡುವಾಗ ಬಹಳ ಎಚ್ಚರ ಬೇಕು ಎಂದು ಮಾರ್ಗಸೂಚಿಗಳೇ ಹೇಳುತ್ತವೆ. ಹರೆಯದಲ್ಲಿ ಕೆಲವೇ ವಾರಗಳಲ್ಲಿ ಮಾತು, ನಿದ್ದೆ, ಊಟ ಎಲ್ಲ ಕುಸಿಯುವುದಕ್ಕೆ ಡೌನ್ ಸಿಂಡ್ರೋಮ್ ರಿಗ್ರೆಷನ್ ಎಂಬ ಬೇರೆಯೇ ಸ್ಥಿತಿ ಇದೆ. ಕೆಲವರಲ್ಲಿ ಅದು ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಆ ಹುಡುಗನನ್ನು ನಿಮ್ಹಾನ್ಸ್‌ನಂಥ ಕಡೆ, ನರರೋಗ ಮತ್ತು ಮನೋರೋಗ ಎರಡೂ ವಿಭಾಗವಿರುವ ಆಸ್ಪತ್ರೆಗೆ ತೋರಿಸಲು ಹೇಳಿ. ತಡ ಬೇಡ.

ಹಾಸನದ ಅಕ್ಕ (ಕೆಲವು ವಾರಗಳ ನಂತರ):

ಕೇಳಿದವರಿಗೆಲ್ಲ ಒಟ್ಟಾಗಿ ಉತ್ತರ. ಬೇರೆ ವೈದ್ಯರನ್ನು ಕಂಡೆವು. ಥೈರಾಯ್ಡ್ ಕಡಿಮೆ ಇದೆ, ಬಿ12 ಕೂಡ. ಎರಡೂ ಕಿವಿಯಿಂದ ಗುಗ್ಗೆ ತೆಗೆದರು. ಕಣ್ಣಿನ ಪೊರೆ ಒಂದರಲ್ಲಿ ಬಲಿತಿದೆ, ಶಸ್ತ್ರಚಿಕಿತ್ಸೆಗೆ ದಿನ ಕೊಟ್ಟಿದ್ದಾರೆ. ಹಳೆಯ ಎರಡೂ ಮಾತ್ರೆಗಳನ್ನು ಹಂತ ಹಂತವಾಗಿ ತೆಗೆದಿದ್ದಾರೆ. ಹಗಲಿನ ಮಂಕು ಇಳಿದಿದೆ, ಕರೆದರೆ ತಿರುಗುತ್ತಾನೆ. ಗುಂಡಿ ಮಾತ್ರ ಇನ್ನೂ ತಪ್ಪುತ್ತಿದೆ, ರಾತ್ರಿಯ ಓಡಾಟವೂ ನಿಂತಿಲ್ಲ. ನಿದ್ದೆಯ ಪರೀಕ್ಷೆ ಬಾಕಿ ಇದೆ. ಡಿಮೆನ್ಷಿಯಾ ಹೌದೋ ಅಲ್ಲವೋ ಎಂದು ಈಗಲೇ ಹೇಳುವುದಿಲ್ಲ, ಇದನ್ನೆಲ್ಲ ಸರಿಪಡಿಸಿ ಆರು ತಿಂಗಳ ನಂತರ ಮತ್ತೆ ಅಳೆಯೋಣ ಎಂದರು. ಈ ಉತ್ತರ ನನಗೆ ಹಿಡಿಸಿತು.

ಒಂದು ಪ್ರಶ್ನೆ ಉಳಿದಿದೆ. ಡಿಮೆನ್ಷಿಯಾ ಎಂದೇ ಆದರೆ ಔಷಧ ಇದೆಯೇ? ಅಮೆರಿಕದಲ್ಲಿ ಹೊಸ ಇಂಜೆಕ್ಷನ್ ಬಂದಿದೆಯಂತೆ.

ಲೀಡ್ಸ್‌ನಿಂದ ಕೊಡಗಿನವನು:

ಇಲ್ಲಿ ಸಾಮಾನ್ಯವಾಗಿ ಡೊನೆಪೆಜಿಲ್ ಕೊಡುತ್ತಾರೆ. ಹೃದಯದ ಬಡಿತ ನಿಧಾನವಾಗಬಹುದು, ಆದ್ದರಿಂದ ಮೊದಲು ಇಸಿಜಿ ನೋಡುತ್ತಾರೆ. ನಾನು ಕಂಡವರಲ್ಲಿ ಕೆಲವರು ಸ್ವಲ್ಪ ಚುರುಕಾದರು, ಕೆಲವರಿಗೆ ಹೊಟ್ಟೆ ಕೆಟ್ಟು ನಿಲ್ಲಿಸಬೇಕಾಯಿತು.

ಧಾರವಾಡದ ನಿವೃತ್ತ ಮೇಷ್ಟ್ರು:

ಡೊನೆಪೆಜಿಲ್ ಉಳಿದಿರುವ ಅಸಿಟೈಲ್ ಕೋಲಿನ್ ಬೇಗ ಒಡೆಯದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಮೆಮಾಂಟಿನ್ ಎಂಬ ಇನ್ನೊಂದನ್ನು ನಲವತ್ತು ದಾಟಿದ ಡೌನ್ ಸಿಂಡ್ರೋಮ್‌ನವರಿಗೆ ಬ್ರಿಟನ್ ಮತ್ತು ನಾರ್ವೆಯಲ್ಲಿ ಒಂದು ವರ್ಷ ಕೊಟ್ಟು ನೋಡಿದರು. 2012ರ ಆ ಪ್ರಯೋಗದಲ್ಲಿ ಉಪಯೋಗ ಕಾಣಲಿಲ್ಲ. ಇತರರಿಗೆ ಅಲ್ಪಸ್ವಲ್ಪವಾದರೂ ನಾಟುವ ಔಷಧ ಇವರಿಗೂ ನಾಟುತ್ತದೆ ಎಂದು ಕಣ್ಣುಮುಚ್ಚಿ ನಂಬಬಾರದು ಎಂಬುದಕ್ಕೆ ಇದೇ ಸಾಕ್ಷಿ.

ಹೊಸ ಇಂಜೆಕ್ಷನ್ ಎಂದರೆ ಲೆಕನೆಮ್ಯಾಬ್, ಡೊನನೆಮ್ಯಾಬ್. ಮಿದುಳಿನ ಅಮಿಲಾಯ್ಡನ್ನು ತೆಗೆದುಹಾಕುವ ಪ್ರತಿಕಾಯಗಳು. ಅಮೆರಿಕದಲ್ಲಿ 2023 ಮತ್ತು 2024ರಲ್ಲಿ ಒಪ್ಪಿಗೆ ಸಿಕ್ಕಿತು. ಆ ಒಪ್ಪಿಗೆಗೆ ಆಧಾರವಾದ ಪ್ರಯೋಗಗಳಲ್ಲಿ ಡೌನ್ ಸಿಂಡ್ರೋಮ್ ಇರುವವರು ಇರಲಿಲ್ಲ. ಇವರ ರಕ್ತನಾಳದ ಗೋಡೆಗಳಲ್ಲೂ ಅಮಿಲಾಯ್ಡ್ ಹೆಚ್ಚು ಕಟ್ಟಿಕೊಂಡಿರುತ್ತದೆ, ಅದನ್ನು ಕೀಳಹೋದರೆ ಮಿದುಳಿನಲ್ಲಿ ಊತ, ರಕ್ತಸ್ರಾವ ಆಗುವ ಭಯವಿದೆ. ಇವರಿಗೆಂದೇ ಪ್ರತ್ಯೇಕ ಪ್ರಯೋಗಗಳು ಈಗ ಹೊರದೇಶಗಳಲ್ಲಿ ಶುರುವಾಗಿವೆ. ಅವು ಮುಗಿಯುವ ಮುನ್ನ ಯಾರಾದರೂ ತರಿಸಿಕೊಡುತ್ತೇನೆ ಎಂದರೆ ಬಾಗಿಲು ಹಾಕಿಕೊಳ್ಳಿ.

ಬೆಳಗಾವಿಯ ಕಾಕಾ:

ನೋಡಿ, ಕೊನೆಗೆ ನನ್ನ ಮಾತಿಗೇ ಬಂದಿರಿ. ಔಷಧ ಇಲ್ಲ.

ಶಿವಮೊಗ್ಗದ ವಿಶೇಷ ಶಿಕ್ಷಕಿ:

ಇಲ್ಲ ಕಾಕಾ, ಬಂದಿಲ್ಲ. ಹಾಸನದ ತಮ್ಮನ ಕಿವಿ, ಥೈರಾಯ್ಡ್, ಕಣ್ಣು ಮೂರೂ "ಸಹಜ" ಎಂಬ ಒಂದೇ ಮಾತಿನ ಕೆಳಗೆ ಹೂತುಹೋಗಿದ್ದವು. ನಿಮ್ಮ ಅಣ್ಣನ ಮಗ ಭಜನೆಗೆ ತಾಳ ಹಾಕುವುದನ್ನು ಈ ಶನಿವಾರವೇ ವಿಡಿಯೋ ಮಾಡಿ.

ಬೆಳಗಾವಿಯ ಕಾಕಾ:

ಅದನ್ನು ಮಾಡುತ್ತೇನೆ. ಆದರೆ ನನ್ನ ನಿಜವಾದ ಚಿಂತೆ ಬೇರೆ. ಅಣ್ಣ ಅತ್ತಿಗೆ ಇಬ್ಬರಿಗೂ ವಯಸ್ಸಾಗಿದೆ. ನಾಳೆ ಆಸ್ಪತ್ರೆಯಲ್ಲಿ ಸಹಿ ಹಾಕುವವರು ಯಾರು, ಬ್ಯಾಂಕಿನಲ್ಲಿ ಯಾರು?

ಹಾಸನದ ಅಕ್ಕ:

ಈ ಅಲೆದಾಟ ನಮ್ಮದು ಮುಗಿದಿದೆ, ಹೇಳುತ್ತೇನೆ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಪ್ರತಿ ಜಿಲ್ಲೆಗೆ ಸ್ಥಳೀಯ ಮಟ್ಟದ ಸಮಿತಿ ಇರಬೇಕು, ಜಿಲ್ಲಾಧಿಕಾರಿಗಳು ಅದರಲ್ಲಿರುತ್ತಾರೆ. ಹದಿನೆಂಟು ದಾಟಿದ ಬೌದ್ಧಿಕ ಅಂಗವೈಕಲ್ಯದವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುವುದು ಆ ಸಮಿತಿ, ಕೋರ್ಟಿಗೆ ಅಲೆಯಬೇಕಿಲ್ಲ. ತಂದೆತಾಯಿ ಇರುವಾಗಲೇ ಅರ್ಜಿ ಹಾಕಿ, ಮುಂದಿನ ಪೋಷಕರು ಯಾರೆಂದು ಮನೆಯಲ್ಲಿ ಮಾತಾಡಿ ಇಟ್ಟುಕೊಳ್ಳಿ. ಅದೇ ನ್ಯಾಸದ ನಿರಾಮಯ ಯೋಜನೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಇದೆ. ನಿಮ್ಮ ಅಣ್ಣ ಸರ್ಕಾರಿ ನೌಕರಿಯಲ್ಲಿದ್ದವರಾದರೆ ಕುಟುಂಬ ಪಿಂಚಣಿಯ ಕಡತದಲ್ಲಿ ಮಗನ ಹೆಸರು ಈಗಲೇ ಸೇರಿಸಲು ಹೇಳಿ. ಅದಕ್ಕೆ ಅಂಗವೈಕಲ್ಯ ಪ್ರಮಾಣಪತ್ರ ಕೇಳುತ್ತಾರೆ. ಹಳೆಯ ಕಾಗದದ ಪುಸ್ತಕದ ಬದಲು ಯುಡಿಐಡಿ ಕಾರ್ಡ್ (ಅಂಗವೈಕಲ್ಯದ ರಾಷ್ಟ್ರೀಯ ಗುರುತಿನ ಚೀಟಿ) ಮಾಡಿಸಿಕೊಂಡು ಕಚೇರಿಗೆ ಹೋದರೆ ಒಳ್ಳೆಯದು.

ಬೆಳಗಾವಿಯ ಕಾಕಾ:

ಯುಡಿಐಡಿ ಇಲ್ಲ. ಹಳೆಯ ಪುಸ್ತಕವೇ ಇರುವುದು. ಅರ್ಜಿಗೆ ಆಧಾರ್ ಜೊತೆ ಇನ್ನೇನು ಬೇಕು ಅಕ್ಕ?

ಹಾಸನದ ಅಕ್ಕ:

ಫೋಟೋ, ವಿಳಾಸದ ದಾಖಲೆ, ಆ ಹಳೆಯ ಪ್ರಮಾಣಪತ್ರ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದ ಮೇಲೆ ಜಿಲ್ಲಾಸ್ಪತ್ರೆಗೆ ಕರೆಯುತ್ತಾರೆ. ಹೋಗುವಾಗ ಅವನಿಗೆ ಇಷ್ಟವಾದದ್ದೇನಾದರೂ ಕೈಯಲ್ಲಿರಲಿ, ಸಾಲು ಉದ್ದವಿರುತ್ತದೆ.